ಸೂಪರ್‌ಗರ್ಲ್ ಸತ್ತ ಸಂಚಿಕೆ ಮತ್ತು ನಮ್ಮಜ್ಜನ ಸಾಲದ ಪುಸ್ತಕ

ಹೋದ ಎಪಿಸೋಡ್ ಆದ್ಮೇಲೆ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. ಪ್ರಶ್ನೆ ಚಿಕ್ಕದು. "ಕಾಮಿಕ್ಸ್‌ನಲ್ಲಿ ಸತ್ತೋರೆಲ್ಲ ವಾಪಸ್ ಬರ್ತಾರಲ್ಲ ಗುರು, ಮತ್ಯಾಕೆ ಜನ ಅಷ್ಟೊಂದು ತಲೆ ಕೆಡಿಸ್ಕೊಳ್ತಾರೆ?" ನ್ಯಾಯವಾದ ಪ್ರಶ್ನೆ. ಉತ್ತರ ಎರಡು ಸಾಲಲ್ಲಿ ಟೈಪ್ ಮಾಡೋಕೆ ಕೂತೆ, ಆಗಲಿಲ್ಲ. ಅದಕ್ಕೇ ಈ ಎಪಿಸೋಡ್. ಇವತ್ತು ಒಂದೇ ಒಂದು ಸಂಚಿಕೆಯ ಕತೆ ಹೇಳ್ತೀನಿ. 'ಕ್ರೈಸಿಸ್ ಆನ್ ಇನ್ಫೈನೈಟ್ ಅರ್ಥ್ಸ್', ಏಳನೇ ಸಂಚಿಕೆ. ಕವರ್ ಮೇಲಿನ ತಾರೀಖು ಅಕ್ಟೋಬರ್ 1985. ಅಲ್ಲಿ ಕಾಮಿಕ್ಸ್‌ಗಳು ಕವರ್ ತಾರೀಖಿಗಿಂತ ಕೆಲವು ತಿಂಗಳು ಮೊದಲೇ ಅಂಗಡಿಗೆ ಬರ್ತಿದ್ವು, ಹಾಗಾಗಿ ಓದುಗರ ಕೈಗೆ ಅದು ಸಿಕ್ಕಿದ್ದು ಆ ವರ್ಷದ ಬೇಸಿಗೆಯಲ್ಲಿ.

ನಾನು ಹುಟ್ಟಿದ್ದು ಇದಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಾನಿದನ್ನು ಓದಿದ್ದು ಬಿ.ಕಾಂ. ಎರಡನೇ ವರ್ಷದಲ್ಲಿ, ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಳೇ ಪುಸ್ತಕ ಮಾರುವ ಒಂದು ಅಂಗಡಿಯಲ್ಲಿ, ನಿಂತುಕೊಂಡೇ. ಕಾರ್ಪೊರೇಟ್ ಅಕೌಂಟಿಂಗ್ ಪುಸ್ತಕ ಕೊಳ್ಳೋಕೆ ಹೋಗಿದ್ದೆ. ಆ ಕವರ್ ನೋಡಿ ನಿಂತುಬಿಟ್ಟೆ.

ಕವರ್ ವಿವರಿಸ್ತೀನಿ. ಸೂಪರ್‌ಮ್ಯಾನ್ ನಿಂತಿದ್ದಾನೆ. ಎರಡೂ ಕೈಯಲ್ಲಿ ಒಂದು ಹುಡುಗಿಯ ದೇಹ. ಹರಿದ ಬಟ್ಟೆ, ಹಣೆಗೆ ಕೆಂಪು ಪಟ್ಟಿ, ಜೋತುಬಿದ್ದ ಕೈ. ಸೂಪರ್‌ಮ್ಯಾನ್ ಅಳ್ತಿದ್ದಾನೆ. ಹಿಂದೆ ಹೀರೋಗಳ ಗುಂಪು, ಸಾವಿನ ಮನೆ ಮುಂದೆ ಊರವರು ನಿಂತ ಹಾಗೆ. ಬರೆದವರು ಜಾರ್ಜ್ ಪೆರೆಜ್. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಮತ್ತೆ ಮತ್ತೆ ಅನುಕರಣೆಗೆ ಒಳಗಾದ ಕವರ್‌ಗಳಲ್ಲಿ ಇದೂ ಒಂದು.

ಆ ಹುಡುಗಿ ಸೂಪರ್‌ಗರ್ಲ್. ಅಸಲಿ ಹೆಸರು ಕಾರಾ ಜೋರ್-ಎಲ್. ಇಂಗ್ಲಿಷ್‌ನಲ್ಲಿ ಅವಳನ್ನು ಸೂಪರ್‌ಮ್ಯಾನ್‌ನ 'ಕಸಿನ್' ಅಂತಾರೆ. ಆ ಪದದಲ್ಲಿ ಏನೂ ಗೊತ್ತಾಗಲ್ಲ. ಸೂಪರ್‌ಮ್ಯಾನ್ ಅಪ್ಪ ಜೋರ್-ಎಲ್, ಕಾರಾಳ ಅಪ್ಪ ಜೋರ್-ಎಲ್. ಎರಡೂ ಕನ್ನಡದಲ್ಲಿ ಒಂದೇ ಥರ ಕೇಳುತ್ತೆ, ಇಂಗ್ಲಿಷ್‌ನಲ್ಲಿ ಮೊದಲ ಅಕ್ಷರ ಬೇರೆ ಬೇರೆ. ಅವರಿಬ್ಬರೂ ಅಣ್ಣತಮ್ಮಂದಿರು. ಅಂದ್ರೆ ಇವಳು ಅವನಿಗೆ ಚಿಕ್ಕಪ್ಪನ ಮಗಳು. ನಮ್ಮ ಮನೆಗಳಲ್ಲಿ ಚಿಕ್ಕಪ್ಪನ ಮಗಳನ್ನ ಯಾರೂ ಕಸಿನ್ ಅನ್ನಲ್ಲ. ತಂಗಿ ಅಂತೀವಿ. ಹಾಗೆ ನೋಡಿದ್ರೆ ಆ ಕವರ್ ಏನು ಅಂತ ತಕ್ಷಣ ಗೊತ್ತಾಗುತ್ತೆ. ಒಬ್ಬ ಅಣ್ಣ, ತಂಗಿಯ ಹೆಣ ಎತ್ಕೊಂಡು ನಿಂತಿದ್ದಾನೆ.

ಒಂದು ಕಂಪನಿ, ಹಲವು ಭೂಮಿ

ಈ ಸಾವು ಯಾಕೆ ಆಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

ಡಿಸಿ ಕಾಮಿಕ್ಸ್‌ನ ಫ್ಲ್ಯಾಶ್ ಅನ್ನೋ ಹೀರೋ ಮೊದಲು ಬಂದಿದ್ದು 1940ರಲ್ಲಿ. ಅವನ ಹೆಸರು ಜೇ ಗ್ಯಾರಿಕ್. ಆ ಪುಸ್ತಕ ನಿಂತುಹೋಯ್ತು. 1956ರಲ್ಲಿ ಅದೇ ಹೆಸರಲ್ಲಿ ಹೊಸ ಫ್ಲ್ಯಾಶ್ ಬಂದ, ಬ್ಯಾರಿ ಅಲೆನ್. ಹಾಗಾದ್ರೆ ಹಳಬ ಎಲ್ಲಿ ಹೋದ? 1961ರ ಸೆಪ್ಟೆಂಬರ್ ತಾರೀಖಿನ 'ದಿ ಫ್ಲ್ಯಾಶ್' 123ನೇ ಸಂಚಿಕೆಯಲ್ಲಿ ಬರಹಗಾರ ಗಾರ್ಡ್ನರ್ ಫಾಕ್ಸ್ ಮತ್ತು ಚಿತ್ರಕಾರ ಕಾರ್ಮೈನ್ ಇನ್ಫ್ಯಾಂಟಿನೊ ಇದಕ್ಕೊಂದು ಉತ್ತರ ಕೊಟ್ಟರು. ಹಳೇ ಫ್ಲ್ಯಾಶ್ ಇನ್ನೊಂದು ಭೂಮಿಯಲ್ಲಿ ಇದ್ದಾನೆ. ಎರಡು ಭೂಮಿ, ಒಂದೇ ಜಾಗದಲ್ಲಿ, ಬೇರೆ ಬೇರೆ ವೇಗದಲ್ಲಿ ಕಂಪಿಸ್ತಿವೆ. ಹೊಸ ಫ್ಲ್ಯಾಶ್ ಅಲ್ಲಿಗೆ ಹೋಗಿ ಹಳಬನ ಮನೆ ಬಾಗಿಲು ತಟ್ತಾನೆ.

ಓದುಗರಿಗೆ ಭಾರಿ ಇಷ್ಟ ಆಯ್ತು. 1963ರಿಂದ ಎರಡೂ ಭೂಮಿಯ ಹೀರೋಗಳ ತಂಡಗಳು ವರ್ಷಕ್ಕೊಮ್ಮೆ ಸೇರೋಕೆ ಶುರುಮಾಡಿದ್ವು. ನಮ್ಮಲ್ಲಿ ಜಾತ್ರೆಗೆ ನೆಂಟರು ಸೇರ್ತಾರಲ್ಲ, ಹಾಗೆ.

ಇಲ್ಲಿ ನನ್ನೊಳಗಿನ ಕಾಮರ್ಸ್ ಹುಡುಗ ಎದ್ದು ಕೂರ್ತಾನೆ. ಯಾಕಂದ್ರೆ ಆಮೇಲೆ ಭೂಮಿಗಳು ಹೆಚ್ಚಾಗಿದ್ದಕ್ಕೆ ಕತೆಯಷ್ಟೇ ವ್ಯಾಪಾರವೂ ಕಾರಣ. ಕ್ವಾಲಿಟಿ ಕಾಮಿಕ್ಸ್ ಅನ್ನೋ ಹಳೇ ಕಂಪನಿಯ ಪಾತ್ರಗಳು ಡಿಸಿಗೆ ಸಿಕ್ಕಿದ್ವು, ಅವಕ್ಕೊಂದು ಭೂಮಿ. 1972ರಲ್ಲಿ ಫಾಸೆಟ್ ಕಂಪನಿಯ ಕ್ಯಾಪ್ಟನ್ ಮಾರ್ವೆಲ್‌ನ ಲೈಸೆನ್ಸ್ ತಗೊಂಡ್ರು, ಅವನಿಗೊಂದು ಭೂಮಿ. 1983ರಲ್ಲಿ ಚಾರ್ಲ್‌ಟನ್ ಕಂಪನಿಯ ಪಾತ್ರಗಳನ್ನ ಕೊಂಡ್ಕೊಂಡ್ರು, ಅವರಿಗೂ ಒಂದು ಭೂಮಿ. ಒಂದು ಹೋಲ್ಡಿಂಗ್ ಕಂಪನಿ, ಕೆಳಗೆ ಹತ್ತಾರು ಸಬ್ಸಿಡಿಯರಿ, ಪ್ರತಿಯೊಂದಕ್ಕೂ ಬೇರೆ ಲೆಕ್ಕದ ಪುಸ್ತಕ. ಕೆಲವು ಪುಸ್ತಕದಲ್ಲಿ ಒಂದೇ ಹೆಸರಿನ ಖಾತೆ ಎರಡೆರಡು. ಇಲ್ಲೊಬ್ಬ ಸೂಪರ್‌ಮ್ಯಾನ್, ಅಲ್ಲೊಬ್ಬ ತಲೆ ನರೆತ ಸೂಪರ್‌ಮ್ಯಾನ್.

ಇದೇ ಹೊತ್ತಲ್ಲಿ ವ್ಯಾಪಾರ ಬಿದ್ದಿತ್ತು. ಅಮೆರಿಕದಲ್ಲಿ ಕಾಮಿಕ್ಸ್ ಮಾರಾಟ ಆಗ್ತಿದ್ದಿದ್ದು ಪೇಪರ್ ಅಂಗಡಿ, ಕಿರಾಣಿ ಅಂಗಡಿಗಳಲ್ಲಿ. ಉಳಿದ ಪ್ರತಿ ವಾಪಸ್, ನಷ್ಟ ಪ್ರಕಾಶಕನದು. 1978ರಲ್ಲಿ ಡಿಸಿ ಎರಡು ಡಜನ್‌ಗೂ ಹೆಚ್ಚು ಪುಸ್ತಕಗಳನ್ನ ಒಮ್ಮೆಲೇ ನಿಲ್ಲಿಸಬೇಕಾಯ್ತು. ಮಾರ್ವೆಲ್ ಮುಂದೆ ಇತ್ತು. 1984ರಲ್ಲಿ ಡಿಸಿಯ ಒಡೆಯರಾದ ವಾರ್ನರ್ ಕಡೆಯವರು ಫೋನ್ ಮಾಡಿ, ನಮ್ಮ ಪಾತ್ರಗಳ ಕಾಮಿಕ್ಸ್ ನೀವೇ ಪ್ರಕಟಿಸ್ತೀರಾ ಅಂತ ಕೇಳಿದ್ರು ಅಂತ ಆಗ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದ ಜಿಮ್ ಶೂಟರ್ ಮುಂದೆ ಹೇಳಿಕೊಂಡಿದ್ದಾರೆ. ಆ ಮಾತು ಮುಂದಕ್ಕೆ ಹೋಗಲಿಲ್ಲ. ಹೋಗಿದ್ರೆ ಸೂಪರ್‌ಮ್ಯಾನ್ ಪುಸ್ತಕದ ಮೇಲೆ ಮಾರ್ವೆಲ್ ಹೆಸರಿರ್ತಿತ್ತು.

ಇನ್ನೊಂದು ಬದಲಾವಣೆನೂ ಆಗ್ತಿತ್ತು. 70ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಅನ್ನೋ ವ್ಯಾಪಾರಿ ಪ್ರಕಾಶಕರ ಜೊತೆ ಹೊಸ ಒಪ್ಪಂದ ಮಾಡ್ಕೊಂಡ. ನನಗೆ ಹೆಚ್ಚು ರಿಯಾಯ್ತಿ ಕೊಡಿ, ಉಳಿದ ಪ್ರತಿ ನಾನು ವಾಪಸ್ ಕೊಡಲ್ಲ. ಅಲ್ಲಿಂದ ಕಾಮಿಕ್ಸ್‌ಗೇ ಅಂತ ಮೀಸಲಾದ ಅಂಗಡಿಗಳು ಬೆಳೆದ್ವು. ಅಲ್ಲಿಗೆ ಬರೋದು ದಾರಿಹೋಕ ಮಗು ಅಲ್ಲ, ಪ್ರತೀ ವಾರ ತಪ್ಪದೆ ಬರೋ ಅಭಿಮಾನಿ. ಅಂಥವನಿಗೆ ಒಂದು ಪುಸ್ತಕದ ಕತೆ ಇನ್ನೊಂದು ಪುಸ್ತಕಕ್ಕೆ ಹರಿದ್ರೆ ಎರಡನ್ನೂ ಕೊಳ್ತಾನೆ. ಮಹಾ ಕ್ರಾಸೋವರ್ ಅನ್ನೋ ಬೆಳೆಗೆ ನೆಲ ಹದ ಆಗಿದ್ದು ಹೀಗೆ. 1984ರಲ್ಲಿ ಮಾರ್ವೆಲ್ 'ಸೀಕ್ರೆಟ್ ವಾರ್ಸ್' ತಂದಿತು, ಮ್ಯಾಟೆಲ್ ಆಟಿಕೆಗಳ ಜೊತೆಜೊತೆಗೆ.

ಡಿಸಿಯಲ್ಲಿ ಮಾರ್ವ್ ವುಲ್ಫ್‌ಮನ್ ಅನ್ನೋ ಬರಹಗಾರರು ಅದಕ್ಕಿಂತ ಮೊದಲಿಂದಲೇ ಬೇರೊಂದು ಯೋಜನೆ ಹಿಡಿದು ಕೂತಿದ್ರು. ಓದುಗರೊಬ್ಬರು ಬರೆದ ಪತ್ರ ಅದಕ್ಕೆ ಕಾರಣ ಅಂತ ಅವರೇ ಹೇಳಿದ್ದಾರೆ. ಈ ಪಾತ್ರ ಆ ಪಾತ್ರವನ್ನ ಹಿಂದೆ ಭೇಟಿ ಆಗಿದ್ನಲ್ಲ, ಈಗ್ಯಾಕೆ ಗುರುತೇ ಹಿಡೀತಿಲ್ಲ ಅನ್ನೋ ಥರದ ಪ್ರಶ್ನೆ. ಎಲ್ಲ ಪುಸ್ತಕದ ಇತಿಹಾಸ ಒಂದು ಮಾಡಬೇಕು ಅನ್ನೋದು ಅವರ ಆಸೆ. ಅದಕ್ಕಾಗಿ ಪೀಟರ್ ಸ್ಯಾಂಡರ್ಸನ್ ಅನ್ನೋರನ್ನ ಡಿಸಿಯ ಹಳೇ ಕಾಮಿಕ್ಸ್‌ಗಳನ್ನೆಲ್ಲ ಓದಿ ಟಿಪ್ಪಣಿ ಮಾಡೋಕೆ ಅಂತಲೇ ನೇಮಿಸಿದ್ರು. ಯೋಚನೆ ಮಾಡಿ, ಅದೊಂದು ಆಡಿಟ್. ಕೊನೆಗೆ ಕಂಪನಿಗೆ 50 ವರ್ಷ ತುಂಬಿದ 1985ರಲ್ಲಿ ಕೆಲಸ ಶುರು. 12 ಸಂಚಿಕೆ, 12 ತಿಂಗಳು. ಚಿತ್ರ ಪೆರೆಜ್ ಅವರದು. ವುಲ್ಫ್‌ಮನ್, ಪೆರೆಜ್ ಜೋಡಿ 1980ರಿಂದ 'ದಿ ನ್ಯೂ ಟೀನ್ ಟೈಟನ್ಸ್' ಮಾಡಿ ಗೆದ್ದಿತ್ತು.

ಅಕೌಂಟ್ಸ್ ಓದಿದವರಿಗೆ ಒಂದೇ ಮಾತಲ್ಲಿ ಹೇಳ್ಬಹುದು. ಡಿಸಿ ತನ್ನ ಎಲ್ಲಾ ಸಬ್ಸಿಡಿಯರಿಗಳ ಲೆಕ್ಕ ಸೇರಿಸಿ ಒಂದೇ ಬ್ಯಾಲೆನ್ಸ್ ಶೀಟ್ ಮಾಡೋಕೆ ಹೊರಟಿತು. ಹಾಗೆ ಮಾಡುವಾಗ ಎರಡೆರಡು ಸಲ ಬಂದ ಬಾಬ್ತುಗಳನ್ನ ತೆಗೀಬೇಕು. ಇಲ್ಲಿ ಬಾಬ್ತು ಅಂದ್ರೆ ಪಾತ್ರಗಳು.

ಯಾರನ್ನ ತೆಗೀಬೇಕು

ಸೂಪರ್‌ಗರ್ಲ್ ಬಂದಿದ್ದು 1959ರ ಮೇ ತಿಂಗಳ 'ಆ್ಯಕ್ಷನ್ ಕಾಮಿಕ್ಸ್' 252ನೇ ಸಂಚಿಕೆಯಲ್ಲಿ. ಬರೆದವರು ಆಟೊ ಬೈಂಡರ್, ಚಿತ್ರ ಅಲ್ ಪ್ಲಾಸ್ಟಿನೊ. ಕ್ರಿಪ್ಟಾನ್ ಗ್ರಹ ಸಿಡಿದಾಗ ಆರ್ಗೊ ಅನ್ನೋ ನಗರ ಮಾತ್ರ ಒಂದು ತುಂಡಾಗಿ ಉಳಿಯುತ್ತೆ. ಅದೂ ನಾಶ ಆಗುವ ಹೊತ್ತಿಗೆ ಅಪ್ಪ ಅಮ್ಮ ಮಗಳನ್ನ ರಾಕೆಟ್‌ನಲ್ಲಿ ಕೂರಿಸಿ ಭೂಮಿಗೆ ಕಳಿಸ್ತಾರೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಸೂಪರ್‌ಮ್ಯಾನ್ ಬಂದಾಗ ಹಸುಗೂಸು. ಅವನಿಗೆ ತವರು ನೆನಪಿಲ್ಲ. ಕಾರಾ ಬಂದಿದ್ದು ಹದಿಹರೆಯದಲ್ಲಿ. ಅವಳಿಗೆ ಊರು ಗೊತ್ತು, ಭಾಷೆ ಗೊತ್ತು, ಅಪ್ಪ ಅಮ್ಮನ ಮುಖ ಗೊತ್ತು. ಕಳಕೊಂಡಿದ್ದೇನು ಅಂತ ಪೂರ್ತಿ ಗೊತ್ತಿದ್ದವಳು ಅವಳು.

ಅಣ್ಣ ಏನು ಮಾಡ್ತಾನೆ? ಮನೆಗೆ ಕರ್ಕೊಂಡು ಹೋಗಲ್ಲ. ಒಂದು ಅನಾಥಾಶ್ರಮಕ್ಕೆ ಸೇರಿಸ್ತಾನೆ. ತಲೆಗೆ ಕಂದು ಬಣ್ಣದ ವಿಗ್, ಲಿಂಡಾ ಲೀ ಅನ್ನೋ ಸುಳ್ಳು ಹೆಸರು. ನೀನಿರೋದು ಯಾರಿಗೂ ಗೊತ್ತಾಗಬಾರದು, ಅಗತ್ಯ ಬಿದ್ದಾಗ ನೀನು ನನ್ನ ಗುಪ್ತ ಅಸ್ತ್ರ. ಸುಮಾರು ಮೂರು ವರ್ಷ ಅವಳು ಕದ್ದುಮುಚ್ಚಿ ಒಳ್ಳೇ ಕೆಲಸ ಮಾಡ್ತಾಳೆ, ಹೆಸರು ಇನ್ಯಾರಿಗೋ ಹೋಗುತ್ತೆ. ಜಗತ್ತಿಗೆ ಅವಳ ಪರಿಚಯ ಆಗಿದ್ದು 1962ರಲ್ಲಿ. ಈ ಮಾತು ನೆನಪಿಟ್ಕೊಳಿ, ಕೊನೇಲಿ ಬೇಕಾಗುತ್ತೆ.

1985ಕ್ಕೆ ಬನ್ನಿ. ಅವಳ ಸ್ವಂತ ಪುಸ್ತಕ 1982ರಲ್ಲಿ ಶುರುವಾಗಿ 23 ಸಂಚಿಕೆಗೆ ನಿಂತುಹೋಗಿತ್ತು. 1984ರ ನವೆಂಬರ್‌ನಲ್ಲಿ ಹೆಲೆನ್ ಸ್ಲೇಟರ್ ನಟಿಸಿದ ಸೂಪರ್‌ಗರ್ಲ್ ಸಿನಿಮಾ ಅಮೆರಿಕದಲ್ಲಿ ಬಿಡುಗಡೆ ಆಗಿ ಮಕಾಡೆ ಮಲಗಿತು. ಹತ್ತಿರ ಹತ್ತಿರ 35 ದಶಲಕ್ಷ ಡಾಲರ್ ಹಾಕಿದ ಸಿನಿಮಾ ಅಲ್ಲಿ ಗಳಿಸಿದ್ದು ಸುಮಾರು 14 ದಶಲಕ್ಷ. ಪುಸ್ತಕ ಇಲ್ಲ, ಸಿನಿಮಾ ಸೋತಿದೆ. ಇನ್ನೊಂದು ಕಡೆ ಸೂಪರ್‌ಮ್ಯಾನ್‌ನನ್ನ ಮತ್ತೆ 'ಕ್ರಿಪ್ಟಾನ್‌ನ ಏಕೈಕ ಕುಡಿ' ಮಾಡಬೇಕು ಅನ್ನೋ ಆಸೆ. ಅಷ್ಟೊತ್ತಿಗೆ ಆ ಗ್ರಹದಿಂದ ತಂಗಿ, ನಾಯಿ, ಜೈಲಿನ ಖೈದಿಗಳು, ಬಾಟಲಿಯೊಳಗೊಂದು ಇಡೀ ನಗರ, ಎಲ್ಲ ಉಳಿದು ಬಂದಿದ್ವು. ಇಷ್ಟು ಜನ ಇದ್ರೆ ಅನಾಥ ಅನ್ನೋದು ಹೇಗೆ?

ಮೀಟಿಂಗ್ ರೂಮಿನ ತರ್ಕ ನನಗೆ ಅರ್ಥ ಆಗುತ್ತೆ. ವಸೂಲಾಗದ ಬಾಕಿ, ವಜಾ ಮಾಡಿ. ಪರೀಕ್ಷೆಯಲ್ಲಿ ಕೇಳಿದ್ರೆ ನಾನೂ ಅದನ್ನೇ ಬರೀತಿದ್ದೆ.

ಆ ಪುಟಗಳು

ಈಗ ಸಂಚಿಕೆಗೆ ಬರೋಣ. ಇದು ಮಾಮೂಲಿಗಿಂತ ದಪ್ಪ. ಮೊದಲ ಭಾಗದಲ್ಲಿ ಸೃಷ್ಟಿಯ ಕತೆ. ಕ್ರೋನಾ ಅನ್ನೋ ವಿಜ್ಞಾನಿ ಬ್ರಹ್ಮಾಂಡದ ಆರಂಭ ನೋಡ್ಬೇಕು ಅಂತ ಹಟ ಹಿಡೀತಾನೆ. ನೋಡಬಾರದ್ದನ್ನ ನೋಡಿದ ಫಲವಾಗಿ ಒಂದಿದ್ದ ಬ್ರಹ್ಮಾಂಡ ಅನೇಕ ಆಗುತ್ತೆ. ಜೊತೆಗೊಂದು ಪ್ರತಿದ್ರವ್ಯದ ಬ್ರಹ್ಮಾಂಡ, ಅಲ್ಲಿ ಆ್ಯಂಟಿ-ಮಾನಿಟರ್ ಅನ್ನೋ ಖಳ. ಅವನು ಒಂದೊಂದೇ ಬ್ರಹ್ಮಾಂಡ ನುಂಗ್ತಾ ಬರ್ತಿದ್ದಾನೆ. ಏಳನೇ ಸಂಚಿಕೆ ಹೊತ್ತಿಗೆ ಉಳಿದಿರೋದು ಐದೇ ಭೂಮಿ.

ಆ ಐದು ಭೂಮಿಗಳ ಹೀರೋಗಳು ಸೇರಿ ಅವನ ಕೋಟೆಗೆ ನುಗ್ತಾರೆ. ಸೂಪರ್‌ಮ್ಯಾನ್ ಅವನ ಕೈಗೆ ಸಿಕ್ಕಿಬೀಳ್ತಾನೆ. ಸಾಯೋ ಹಂತ. ಅಣ್ಣನ ಕೂಗು ಕೇಳಿ ಸೂಪರ್‌ಗರ್ಲ್ ಬರ್ತಾಳೆ. ಬಂದವಳು ಹೊಡೀತಾಳೆ ನೋಡಿ! ಇಪ್ಪತ್ತಾರು ವರ್ಷ ಯಾರದ್ದೋ ನೆರಳಾಗಿದ್ದ ಪಾತ್ರ, ಸೂಪರ್‌ಮ್ಯಾನ್ ಕೈಲಾಗದ್ದನ್ನ ಒಬ್ಬಳೇ ಮಾಡ್ತಾಳೆ. ಖಳನ ಕವಚ ಒಡೆಯುತ್ತೆ, ಅವನ ಯಂತ್ರ ಪುಡಿಯಾಗುತ್ತೆ.

ಆಮೇಲೆ ಒಂದು ಕ್ಷಣ ತಿರುಗ್ತಾಳೆ. ಅಲ್ಲಿ ಡಾಕ್ಟರ್ ಲೈಟ್ ಅನ್ನೋ ಹೊಸ ಹೀರೋಯಿನ್ ಇದ್ದಾಳೆ, ಕಿಮಿಯೊ ಹೋಶಿ, ಜಪಾನಿನ ಖಗೋಳ ವಿಜ್ಞಾನಿ. ಅಣ್ಣನನ್ನ ಕರ್ಕೊಂಡು ಇಲ್ಲಿಂದ ಹೊರಡು ಅಂತ ಅವಳಿಗೆ ಹೇಳೋಕೆ ತಿರುಗಿದ್ದು. ಆ ಒಂದು ಕ್ಷಣ ಸಾಕಾಯ್ತು. ಖಳ ಹೊಡೆದ.

ಅಣ್ಣನ ತೋಳಲ್ಲೇ ಪ್ರಾಣ ಬಿಡ್ತಾಳೆ. ಆಮೇಲೆ ಷಿಕಾಗೋದಲ್ಲಿ ಶ್ರದ್ಧಾಂಜಲಿ ಸಭೆ. ಮಾತಾಡೋದು ಬ್ಯಾಟ್‌ಗರ್ಲ್. ನಾಲ್ಕನೇ ಸಂಚಿಕೆಯಲ್ಲಿ, ಲೋಕ ಮುಳುಗ್ತಿರುವಾಗ ನನ್ನಂಥವಳು ಏನು ಮಾಡೋಕಾಗುತ್ತೆ ಅಂತ ಕುಗ್ಗಿಹೋಗಿದ್ದ ಬ್ಯಾಟ್‌ಗರ್ಲ್‌ಗೆ ಧೈರ್ಯ ಹೇಳಿದ್ದು ಸೂಪರ್‌ಗರ್ಲ್. ಕೊನೆಗೆ ಸೂಪರ್‌ಮ್ಯಾನ್ ತಂಗಿಯನ್ನ ಅವಳದೇ ಕೆಂಪು ಕೇಪಿನಲ್ಲಿ ಸುತ್ತಿ, ಎತ್ಕೊಂಡು, ಆಕಾಶಕ್ಕೆ ಹಾರ್ತಾನೆ. ಸಂಚಿಕೆ ಮುಗೀತು.

ಇದನ್ನ ಓದಿದಾಗ ನನಗೆ ಬೇಜಾರಾಯ್ತು, ಆದ್ರೆ ಸಿಟ್ಟು ಬರಲಿಲ್ಲ. ಯಾಕಂದ್ರೆ ಮರ್ಯಾದೆಯಿಂದ ಕಳಿಸಿಕೊಟ್ಟಿದ್ರು. ಪುಟ ಕೊಟ್ಟಿದ್ರು, ಗೆಲುವು ಕೊಟ್ಟಿದ್ರು, ಅಳೋಕೆ ಜನ ಕೊಟ್ಟಿದ್ರು. ಸಿಟ್ಟು ಬಂದಿದ್ದು ಮುಂದಿನ ಸಂಚಿಕೆಗಳನ್ನೂ, ಅವು ಮುಗಿದ ಮೇಲೆ ಆದದ್ದನ್ನೂ ಓದಿದಾಗ.

ಸಾವಾದ ಮೇಲೆ

ಎಂಟನೇ ಸಂಚಿಕೆಯಲ್ಲಿ ಫ್ಲ್ಯಾಶ್ ಬ್ಯಾರಿ ಅಲೆನ್ ಸತ್ತ. ಹನ್ನೆರಡರ ಹೊತ್ತಿಗೆ ಎಲ್ಲ ಭೂಮಿ ಸೇರಿ ಒಂದೇ ಭೂಮಿ, ಒಂದೇ ಇತಿಹಾಸ. 1986ರಲ್ಲಿ ಜಾನ್ ಬರ್ನ್ 'ದಿ ಮ್ಯಾನ್ ಆಫ್ ಸ್ಟೀಲ್' ಬರೆದು ಸೂಪರ್‌ಮ್ಯಾನ್ ಕತೆಯನ್ನ ಮೊದಲಿಂದ ಶುರುಮಾಡಿದ್ರು. ಈ ಹೊಸ ಇತಿಹಾಸದಲ್ಲಿ ಕ್ರಿಪ್ಟಾನ್‌ನಿಂದ ಉಳಿದವನು ಅವನೊಬ್ಬನೇ.

ಇದರ ಅರ್ಥ ಏನು ಅಂತ ನೋಡಿ. ಫ್ಲ್ಯಾಶ್ ಸತ್ತಿದ್ದು ಎಲ್ಲರಿಗೂ ನೆನಪಿದೆ. ಅವನ ಶಿಷ್ಯ ವಾಲಿ ವೆಸ್ಟ್ ಗುರುವಿನ ಬಟ್ಟೆ ಹಾಕಿಕೊಂಡು ಹೆಸರು ಉಳಿಸಿದ, ವರ್ಷಗಟ್ಟಲೆ. ಆದ್ರೆ ಸೂಪರ್‌ಗರ್ಲ್? ಹೊಸ ಇತಿಹಾಸದಲ್ಲಿ ಅವಳು ಹುಟ್ಟೇ ಇಲ್ಲ. ಆರ್ಗೊ ನಗರ ಇಲ್ಲ. ಅನಾಥಾಶ್ರಮ ಇಲ್ಲ. ಷಿಕಾಗೋ ಸಭೆ ನಡೆದೇ ಇಲ್ಲ. ತಂಗಿಗಾಗಿ ಅತ್ತ ಅಣ್ಣನಿಗೆ ತಂಗಿ ಅನ್ನೋಳೇ ಇರಲಿಲ್ಲ. ಲೋಕ ಉಳಿಸೋಕೆ ಅವಳು ಸತ್ತಳು, ಆ ಉಳಿದ ಲೋಕಕ್ಕೆ ಅವಳ ಗುರುತಿಲ್ಲ.

ಹನ್ನೆರಡನೇ ಸಂಚಿಕೆಯ ಕೊನೇಲಿ ಸೈಕೋ-ಪೈರೇಟ್ ಅನ್ನೋ ಖಳನಿಗೆ ಮಾತ್ರ ಹಳೇ ಭೂಮಿಗಳೆಲ್ಲ ನೆನಪಿರುತ್ತೆ. ಅವನೆಲ್ಲಿದ್ದಾನೆ? ಹುಚ್ಚಾಸ್ಪತ್ರೆಯಲ್ಲಿ, ಕಟ್ಟಿಹಾಕಿದ ಸ್ಥಿತಿಯಲ್ಲಿ. ನಡೆದಿದ್ದನ್ನ ನಡೆದ ಹಾಗೇ ನೆನಪಿಟ್ಟುಕೊಂಡವನು ಹುಚ್ಚ. ಇತಿಹಾಸ ತಿದ್ದಿದ ಕಡೆ ಇಂಥದ್ದು ಕತೆಯಲ್ಲಷ್ಟೇ ಆಗಲ್ಲ ಅನ್ಸುತ್ತೆ ನನಗೆ.

ಇಲ್ಲಿ ನಮ್ಮಜ್ಜನ ವಿಷಯ ಹೇಳ್ಬೇಕು. ತಿಪಟೂರು ಹತ್ರದ ಒಂದು ಊರಲ್ಲಿ ಅಜ್ಜಂದು ದಿನಸಿ ಅಂಗಡಿ. ಕೆಂಪು ಬಟ್ಟೆ ರಟ್ಟಿನ ಉದ್ದನೆ ಸಾಲದ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪುಟ. ಸಾಲ ಇಟ್ಟುಕೊಂಡೇ ಯಾರಾದ್ರೂ ಹೋಗಿಬಿಟ್ರೆ ಅಜ್ಜ ಮನೆಯವರನ್ನ ಕೇಳ್ತಿರಲಿಲ್ಲ. ಬಾಕಿಗೆ ಅಡ್ಡ ಗೆರೆ ಎಳೆದು, ಕೆಳಗೆ 'ತೀರಿಕೊಂಡರು' ಅಂತ ತಾರೀಖು ಹಾಕ್ತಿದ್ರು. ಅಷ್ಟೇ. ಗೆರೆ ಕೆಳಗಿನ ಹೆಸರು ಚೆನ್ನಾಗೇ ಕಾಣ್ತಿತ್ತು.

ಒಂದು ಯುಗಾದಿಗೆ ಹೊಸ ಪುಸ್ತಕ ಬಂತು. ಹಳೇದರಿಂದ ಹೆಸರು ಇಳಿಸೋ ಕೆಲಸ ಅಪ್ಪಂದು. ನಾನು ಪಕ್ಕದಲ್ಲಿ ಕೂತು ಪುಟದ ನಂಬರ್ ಓದ್ತಿದ್ದೆ. ಅಪ್ಪ ಬದುಕಿದ್ದವರ ಹೆಸರು ಮಾತ್ರ ಬರೀತಾ ಹೋದ್ರು. ಅಜ್ಜ ನೋಡಿದ್ರು.

"ಉಳಿದೋರು ಎಲ್ಲೋ?"

"ಹೋಗಾಯ್ತಲ್ಲಪ್ಪ. ವಸೂಲಿಯಂತೂ ಆಗಲ್ಲ. ಪುಟ ಯಾಕೆ ದಂಡ?"

"ಹೋದ್ರು ಅಂತ ಬರ್ಕೊ. ಬಂದೇ ಇರ್ಲಿಲ್ಲ ಅಂತ ಮಾಡ್ಬೇಡ. ಇವರ ಹತ್ರ ತಗೊಂಡ ದುಡ್ಡಲ್ಲೇ ನಿನ್ನ ಓದಿಸಿದ್ದು."

ಅಪ್ಪ ಮರುಮಾತಾಡದೆ ಹಿಂದಿನ ನಾಲ್ಕು ಪುಟದಲ್ಲಿ ಆ ಹೆಸರುಗಳನ್ನೆಲ್ಲ ಬರೆದ್ರು. ಅಂಗಡಿ ಈಗಿಲ್ಲ, ಅಜ್ಜನೂ ಇಲ್ಲ. ಪುಸ್ತಕ ನನ್ನ ಹತ್ರ ಇದೆ. ಈ ಎಪಿಸೋಡ್ ರೆಕಾರ್ಡ್ ಮಾಡೋ ಮೇಜಿನ ಮೇಲೇ ಇದೆ.

ಮುಂದೆ ಕಾಲೇಜಲ್ಲಿ ಮೇಷ್ಟ್ರು ಹೇಳಿದ್ದೂ ಅದೇ. ವಸೂಲಾಗದ ಬಾಕಿಯನ್ನ ವಜಾ ಮಾಡೋಕೂ ಒಂದು ಎಂಟ್ರಿ ಬೇಕು. ತಪ್ಪಾದ ಎಂಟ್ರಿಯನ್ನ ಅಳಿಸೋ ಹಾಗಿಲ್ಲ, ಇನ್ನೊಂದು ಎಂಟ್ರಿ ಹಾಕಿ ತಿದ್ದಬೇಕು. ಪುಟ ಹರಿದ್ರೆ ಅದು ಲೆಕ್ಕ ಸರಿಮಾಡಿದ ಹಾಗಲ್ಲ, ಅಪರಾಧ.

ಡಿಸಿ ಏಳನೇ ಸಂಚಿಕೆಯಲ್ಲಿ ಗೆರೆ ಎಳೀತು. ಅದು ವ್ಯಾಪಾರ, ಒಪ್ಪೋಣ. ಆಮೇಲೆ ಪುಟ ಹರೀತು. ನನ್ನ ತಕರಾರು ಅದಕ್ಕೆ.

ಅಂದಹಾಗೆ, ಇಷ್ಟೆಲ್ಲ ಮಾಡಿದ್ದು ಗೊಂದಲ ಕಳೆಯೋಕೆ. ಕಳೀತಾ? ಇಲ್ಲ. 1988ರಲ್ಲಿ ಅದೇ ಹೆಸರಲ್ಲಿ, ಅದೇ ರೂಪದಲ್ಲಿ ಇನ್ನೊಬ್ಬ ಸೂಪರ್‌ಗರ್ಲ್ ತಂದ್ರು. ಆದ್ರೆ ತಂಗಿ ಅನ್ನೋ ಹಾಗಿಲ್ಲವಲ್ಲ, ಅದಕ್ಕೆ ಅವಳನ್ನ ಬೇರೊಂದು ಪುಟ್ಟ ಬ್ರಹ್ಮಾಂಡದಲ್ಲಿ ತಯಾರಾದ, ರೂಪ ಬದಲಿಸುವ ಜೀವಿ ಅಂದ್ರು. ಹಳೇ ಕತೆ ಒಂದು ಮಗುವಿಗೂ ಅರ್ಥ ಆಗ್ತಿತ್ತು. ಇದನ್ನ ವಿವರಿಸೋಕೆ ನನಗೇ ಎರಡು ಸಲ ಉಸಿರು ಎಳ್ಕೋಬೇಕು.

ಮರೆಯದ ಒಬ್ಬ ಬರಹಗಾರ

ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬಂದೆ. 1989ರಲ್ಲಿ ಡಿಸಿಯ ಒಂದು ಕ್ರಿಸ್‌ಮಸ್ ವಿಶೇಷಾಂಕ ಬಂತು, 'ಕ್ರಿಸ್‌ಮಸ್ ವಿತ್ ದಿ ಸೂಪರ್-ಹೀರೋಸ್' ಎರಡನೇ ಸಂಚಿಕೆ. ಅದರಲ್ಲಿ ಅಲನ್ ಬ್ರೆನರ್ಟ್ ಬರೆದ, ಡಿಕ್ ಜೋರ್ಡಾನೊ ಚಿತ್ರ ಬರೆದ ಚಿಕ್ಕ ಕತೆ ಒಂದಿದೆ. ನಾಯಕ ಡೆಡ್‌ಮ್ಯಾನ್. ಅವನು ದೆವ್ವ. ಬೇರೆಯವರ ಮೈಮೇಲೆ ಬಂದು ಒಳ್ಳೇ ಕೆಲಸ ಮಾಡ್ತಾನೆ, ಯಾರಿಗೂ ಕಾಣಲ್ಲ, ಯಾರೂ ಥ್ಯಾಂಕ್ಸ್ ಹೇಳಲ್ಲ. ಹಬ್ಬದ ರಾತ್ರಿ ಅವನಿಗೆ ಬೇಸರ ಬಂದಿದೆ. ಇಷ್ಟು ಮಾಡಿ ನನಗೇನು ಸಿಕ್ತು?

ಆಗ ಬಂಗಾರದ ಕೂದಲಿನ ಒಬ್ಬಳು ಹೆಂಗಸು ಅವನನ್ನ ಮಾತಾಡಿಸ್ತಾಳೆ. ಅವಳಿಗೆ ಅವನು ಕಾಣ್ತಾನೆ. ನಾವು ಮಾಡೋದು ಹೆಸರಿಗಲ್ಲ, ಯಾರಾದ್ರೂ ನೆನಪಿಟ್ಕೊಳ್ಳಲಿ ಅಂತಲೂ ಅಲ್ಲ, ಮಾಡ್ಬೇಕಾದ್ದು ಅಂತ ಮಾಡ್ತೀವಿ ಅನ್ನೋ ಅರ್ಥದಲ್ಲಿ ನಾಲ್ಕು ಮಾತು ಹೇಳ್ತಾಳೆ. ಅವನ ಮನಸ್ಸು ಹಗುರಾಗುತ್ತೆ. ನೀನ್ಯಾರು ಅಂತ ಕೇಳ್ತಾನೆ. ಅವಳು ಹೆಸರು ಹೇಳ್ತಾಳೆ, ಕಾರಾ. ಆ ಹೆಸರು ಕೇಳಿದ್ರೆ ನಿನಗೇನೂ ಗೊತ್ತಾಗಲಿಕ್ಕಿಲ್ಲ ಅಂತಲೂ ಸೇರಿಸ್ತಾಳೆ.

ಅಷ್ಟೇ. ಸೂಪರ್‌ಗರ್ಲ್ ಅನ್ನೋ ಪದ ಇಲ್ಲ, ಕೇಪ್ ಇಲ್ಲ. ಕಂಪನಿಯ ನಿಯಮದ ಪ್ರಕಾರ ಅವಳು ಇಲ್ಲವೇ ಇಲ್ಲ. ಆದ್ರೂ ಒಬ್ಬ ಬರಹಗಾರ ಒಂದು ಪುಟ್ಟ ಕತೆಯ ಮೂಲೆಯಲ್ಲಿ ಅವಳ ಹೆಸರು ಬರೆದಿಟ್ಟ. ಮೂರು ವರ್ಷ ಕದ್ದುಮುಚ್ಚಿ ಒಳ್ಳೇದು ಮಾಡಿದ ಆ ವಿಗ್ ಹಾಕ್ಕೊಂಡ ಹುಡುಗಿ ನೆನಪಿದ್ದಾಳಲ್ಲ? ಹೆಸರಿಲ್ಲದೆ ಕೆಲಸ ಮಾಡೋದು ಏನು ಅಂತ ಅವಳಿಗಿಂತ ಚೆನ್ನಾಗಿ ಯಾರು ಹೇಳೋಕೆ ಸಾಧ್ಯ? ಅಜ್ಜನ ಪುಸ್ತಕದ ಹಿಂದಿನ ನಾಲ್ಕು ಪುಟ ನೆನಪಾಯ್ತು ನನಗೆ.

ಮುಂದೆ ಈ ವ್ಯಾಪಾರ ಎಲ್ಲಿಗೆ ಹೋಯ್ತು ಅಂತಲೂ ಹೇಳಿ ಮುಗಿಸ್ತೀನಿ. ಸಾವು ಮಾರಾಟ ಆಗುತ್ತೆ ಅಂತ ಗೊತ್ತಾದ ಮೇಲೆ ವರ್ಷ ವರ್ಷ ಮಹಾ ಕ್ರಾಸೋವರ್‌ಗಳು ಬಂದ್ವು. 1992ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್‌ನನ್ನೇ ಕೊಂದ್ರು. ಕಪ್ಪು ಪ್ಲಾಸ್ಟಿಕ್ ಕವರ್, ಒಳಗೆ ತೋಳಿಗೆ ಕಟ್ಟೋಕೆ ಕಪ್ಪು ಪಟ್ಟಿ. ಲಕ್ಷಾಂತರ ಪ್ರತಿ ಹೋಯ್ತು. ಮುಂದೆ ಬೆಲೆ ಏರುತ್ತೆ ಅಂತ ಜನ ಸೈಟ್ ಕೊಂಡ ಹಾಗೆ ಕೊಂಡು ಇಟ್ಟರು. ಮರುವರ್ಷವೇ ಅವನು ವಾಪಸ್ ಬಂದ. ಎಲ್ಲರ ಹತ್ರ ಇರೋ ವಸ್ತುವಿಗೆ ಬೆಲೆ ಎಲ್ಲಿಂದ ಬರ್ಬೇಕು? ಮಾರುಕಟ್ಟೆ ಕುಸೀತು, ಸಾವಿರಾರು ಅಂಗಡಿ ಬಾಗಿಲು ಹಾಕಿದ್ವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕ್ತು.

ಕಾರಾ 2004ರಲ್ಲಿ ವಾಪಸ್ ಬಂದಳು, 'ಸೂಪರ್‌ಮ್ಯಾನ್/ಬ್ಯಾಟ್‌ಮ್ಯಾನ್' ಪುಸ್ತಕದ ಎಂಟನೇ ಸಂಚಿಕೆಯಲ್ಲಿ. ಅದೇ ಹೆಸರು, ಅದೇ ಸಂಬಂಧ, ಚಿಕ್ಕಪ್ಪನ ಮಗಳು. ಹತ್ತೊಂಬತ್ತು ವರ್ಷ ಬೇಕಾಯ್ತು. 2015ರಿಂದ ಟಿವಿ ಧಾರಾವಾಹಿ ನಡೀತು. 2025ರ ಸೂಪರ್‌ಮ್ಯಾನ್ ಸಿನಿಮಾದ ಕೊನೇಲಿ ಬಾಗಿಲು ತಳ್ಕೊಂಡು ಒಳಗೆ ಬಂದು ನಾಯಿ ಕರ್ಕೊಂಡು ಹೋಗ್ತಾಳಲ್ಲ, ಅವಳೇ ಇವಳು. ಥಿಯೇಟರ್‌ನಲ್ಲಿ ನನ್ನ ಪಕ್ಕದವರು ನಕ್ಕರು. ನನಗೆ ನಗು ಬರೋಕೆ ಸ್ವಲ್ಪ ಹೊತ್ತಾಯ್ತು. ಪೆರೆಜ್ ಅಷ್ಟೊತ್ತಿಗೆ ಇರಲಿಲ್ಲ, 2022ರ ಮೇ ತಿಂಗಳಲ್ಲಿ ತೀರಿಕೊಂಡಿದ್ರು.

ಹಾಗಾದ್ರೆ ವಾಯ್ಸ್ ನೋಟ್ ಕಳಿಸಿದವರಿಗೆ ನನ್ನ ಉತ್ತರ. ಹೌದು, ಸತ್ತವರು ವಾಪಸ್ ಬರ್ತಾರೆ. ಅದಕ್ಕೇ ಸಾವಿಗೆ ನಾನೂ ಅಷ್ಟಾಗಿ ಅಳಲ್ಲ. ನನಗೆ ಹೆದರಿಕೆ ಆಗೋದು ಪುಟ ಹರಿಯೋರನ್ನ ಕಂಡ್ರೆ. ಕಾಮಿಕ್ಸ್‌ನಲ್ಲಿ ಹರಿದ ಪುಟವನ್ನ ಯಾರೋ ಒಬ್ಬ ಓದುಗ ಹಳೇ ಪುಸ್ತಕದಂಗಡಿಯಲ್ಲಿ ಹುಡುಕಿ ತರಬಹುದು, ಯಾಕಂದ್ರೆ ಅಚ್ಚಾದ ಪ್ರತಿ ಎಲ್ಲೋ ಇದ್ದೇ ಇರುತ್ತೆ. ನಮ್ಮ ಮನೆಗಳಲ್ಲಿ, ನಮ್ಮ ಊರುಗಳಲ್ಲಿ ಅಂಥ ಪ್ರತಿ ಇರಲ್ಲ. ಒಬ್ಬರು ಬರೆದಿಟ್ರೆ ಮಾತ್ರ ಇರುತ್ತೆ.

ನಿಮ್ಮ ಮನೇಲೂ ಇಂಥ ಒಂದು ಹಳೇ ಪುಸ್ತಕ ಇದ್ರೆ, ಗುಜರಿಗೆ ಹಾಕೋ ಮೊದಲು ಒಂದ್ಸಲ ಹಿಂದಿನ ಪುಟಗಳನ್ನ ತಿರುವಿ ನೋಡಿ. ಏನು ಸಿಕ್ತು ಅಂತ ನನಗೂ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.